ಹದಿನೇಳನೇ ನಂಬರಿನ ಹಾಲು

ಇದನ್ನು ಬರೆಯಬೇಕೆಂದು ಕೂತದ್ದು ಇದೇ ಮೊದಲಲ್ಲ. ಕಣ್ಣಿನ ಆಪರೇಷನ್ ಆಗಲಿ ಎಂದುಕೊಂಡೆ. ಆಯಿತು, ಅಕ್ಷರಗಳು ಚೆನ್ನಾಗಿ ಕಾಣಿಸಿದವು. ಆಮೇಲೆ ರಾಗಿ ಕೊಯ್ಲು ಮುಗಿಯಲಿ ಎಂದುಕೊಂಡೆ. ಹೀಗೆ ಹತ್ತು ವರ್ಷದ ಮೇಲಾಯಿತು. ಮುಂದೂಡುವವನಿಗೆ ನೆಪಗಳು ಹೊಲದ ಗರಿಕೆ ಇದ್ದಂತೆ, ಕಿತ್ತಷ್ಟೂ ಬರುತ್ತವೆ. ಹೋದ ವಾರ ಡೈರಿಯ ಜಗಲಿಯ ಮೇಲೆ ಯಾರೋ ಒಂದು ಮಾತು ಆಡಿದರು. ಅದನ್ನು ಕೇಳಿದ ಮೇಲೆ ನನಗೆ ಯಾವ ನೆಪವೂ ಸಿಗಲಿಲ್ಲ.

ನಮ್ಮದು ಕನಕಪುರ ತಾಲ್ಲೂಕು, ಕೋಡಿಹಳ್ಳಿ ಕಡೆಯ ಒಂದು ದೊಡ್ಡಿ. ದೊಡ್ಡಿ ಎಂದರೆ ಹಿಂದೆ ಯಾರೋ ದನ ಹೊಡೆದುಕೊಂಡು ಬಂದು, ಹುಲ್ಲು ನೀರು ಇರುವ ಕಡೆ ಬೇಲಿ ಹಾಕಿ ನಿಂತ ಜಾಗ. ನಮ್ಮ ತಾತಂದಿರೂ ಹಾಗೆ ಎಲ್ಲಿಂದಲೋ ಬಂದವರೇ. ನನ್ನ ತಲೆಮಾರಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ. ಅದರಿಂದ ಬೆಳಗ್ಗೆ ಹಾಲು ಹಾಕಲು ಬಂದವರಿಗೆಲ್ಲ ಪೇಪರ್ ಓದಿ ಹೇಳುವ ಕೆಲಸ ನನಗೆ ಅಂಟಿಕೊಂಡಿತು. ಈಗಲೂ ಬಿಟ್ಟಿಲ್ಲ.

ಆಗ ನಮಗೆ ನಮ್ಮದೇ ಡೈರಿ ಇರಲಿಲ್ಲ. ಒಂದು ಮೈಲಿ ನಡೆದು ದೊಡ್ಡ ಊರಿನ ಡೈರಿಗೆ ಹಾಲು ಹಾಕಬೇಕಿತ್ತು. ಅಲ್ಲಿ ಸಾಲಿನಲ್ಲಿ ಊರವರು ಮುಂದೆ, ದೊಡ್ಡಿಯವರು ಹಿಂದೆ. ವ್ಯಾನು ಬೇಗ ಬಂದರೆ ನಮ್ಮ ಹಾಲು ಹಾಗೇ ವಾಪಸ್. ತಲೆಯ ಮೇಲೆ ಹೊತ್ತು ತಂದದ್ದನ್ನು ತಲೆಯ ಮೇಲೇ ಹೊತ್ತು ಹೋಗಬೇಕು. ಎದುರಿಗೆ ಸಿಕ್ಕವರು, "ಏನ್ಲಾ, ಮೊಸರು ಮಾಡಕ್ಕೆ ತಕ್ಕಂಡ್ ಹೋಯ್ತಿದ್ದೀಯಾ?" ಎನ್ನುತ್ತಿದ್ದರು.

ಒಂದು ದಿನ ಹಾಗೆ ಸಾಲಿನಲ್ಲಿ ನಿಂತಾಗ ಪೇಪರಿನಲ್ಲಿ ಸ್ಕಾಟ್ಲೆಂಡಿನ ಸುದ್ದಿ ಬಂದಿತ್ತು. ಬ್ರಿಟನ್ನಿನಿಂದ ಬೇರೆಯಾಗಬೇಕೋ ಬೇಡವೋ ಎಂದು ಆ ದೇಶದಲ್ಲಿ ಜನರನ್ನೇ ವೋಟು ಕೇಳುತ್ತಿದ್ದಾರೆ ಎಂದು ಓದಿದೆ.

"ಅದೆಲ್ಲೈತೆ?" ಎಂದರು ದೊಡ್ಡ ಊರಿನ ಒಬ್ಬರು.

"ಇಂಗ್ಲೆಂಡಿನ ಮೇಲ್ಗಡೆ."

"ಮೇಲ್ಗಡೆ ಇದ್ರೆ ನೀರು ಅವ್ರ ಕಡೆಯಿಂದ್ಲೇ ಬತ್ತದೆ. ಬೇರೆ ಯಾಕಾಯ್ತರೆ?"

"ನೀರಿದ್ದೋರ್ಗೂ ಮರ್ವಾದೆ ಬ್ಯಾಡ್ವಾ?" ಎಂದ ನಮ್ಮ ದೊಡ್ಡಿಯ ಕುಳ್ಳನೆಯ ಗೆಳೆಯ. "ವರ್ಸಾನುಗಟ್ಲೆ ಸಾಲಿನ ಹಿಂದೆ ನಿಲ್ಸಿರ್ತರೆ, ಅದ್ಕೆ."

"ಹಂಗಾರೆ ನೀವೂ ಒಂದು ದೇಸ ಮಾಡ್ಕಳ್ರಲಾ. ನಿಮ್ಮ ದೊಡ್ಡೀಲಿ ಎಷ್ಟು ಹಸ ಅವೆ? ಹಸಕ್ಕೊಬ್ಬ ಮಂತ್ರಿ ಆದ್ರೂ ಕುರ್ಚಿ ಉಳ್ದೋಯ್ತವೆ."

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆ ದೇಶದವರು ಕೊನೆಗೆ ಬೇರೆಯಾಗುವುದು ಬೇಡ ಎಂದರು. ನಾವು ಬೇಕು ಎಂದೆವು.

ನಮಗೇ ಒಂದು ಡೈರಿ ಕೊಡಿ ಎಂದು ಹಾಲಿನ ಆಫೀಸಿಗೆ ಅರ್ಜಿ ಬರೆದವನು ನಾನೇ. ಆಫೀಸರ್ ಬಂದು ನೋಡಿ ಹೇಳಿದರು: "ಒಂದು ತಿಂಗಳು ದಿನಾ ಬೆಳಗ್ಗೆ ಮೂರು ಕ್ಯಾನ್ ತುಂಬಿಸಿ ಕೊಡಿ. ಒಂದು ದಿನವೂ ಕಡಿಮೆ ಆಗಬಾರದು, ಹಾಲು ಕೆಡಬಾರದು. ಆಮೇಲೆ ಬೇರೆ ಡೈರಿ ಕೊಡೋಣ." ಲೆಕ್ಕ ಹಾಕಿ ನೋಡಿದರೆ ನಮ್ಮ ಹಸುಗಳಿಂದ ಎರಡೂಮುಕ್ಕಾಲು ಕ್ಯಾನಿನ ಮೇಲೆ ಏರುವಂತಿರಲಿಲ್ಲ. ಹೊರಗಿನಿಂದ ಹಸು ಇರುವವರನ್ನು ಕರೆತರದೆ ದಾರಿಯಿರಲಿಲ್ಲ. ಕೆಲವರು ಗೊಣಗಿದರು, ಬಂದವರು ನಾಳೆ ನಮ್ಮ ತಲೆಯ ಮೇಲೆ ಕೂರುತ್ತಾರೆ ಎಂದರು. ನಾನು ಅವರ ಬಾಯಿ ಮುಚ್ಚಿಸಿದೆ. "ಹಸ ಕಟ್ಕಂಡು ಬಂದೋರು ನಮ್ಮೋರೇ ಕಣ್ರಲಾ. ನಿಮ್ಮ ತಾತ ಏನು ಇಲ್ಲೇ ನೆಲದಿಂದ ಎದ್ದಿದ್ನಾ?" ಎಂದೆ.

ಹಾರೋಹಳ್ಳಿಯಿಂದ ಬರುವ ಬಸ್ಸಿನಲ್ಲಿ ಒಬ್ಬ ಸಿಕ್ಕಿದ. ಗಡಿಯಾಚೆ ಡೆಂಕಣಿಕೋಟೆ ಕಡೆಯವನು, ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಹೆಂಡತಿ ಊರಿನಲ್ಲಿ ಎರಡು ಹಸು ಇಟ್ಟುಕೊಂಡಿದ್ದಾಳೆ, ಇಲ್ಲಿ ಹಸು ಕಟ್ಟುವ ಮನೆ ಸಿಕ್ಕರೆ ಅವಳನ್ನೂ ಕರೆತರುತ್ತೇನೆ ಎಂದ. ದೊಡ್ಡಿಯ ಆಚೆ ತುದಿಯಲ್ಲಿ ನನ್ನ ಹಳೆಯ ರೇಷ್ಮೆ ಹುಳುಮನೆ ಖಾಲಿ ಬಿದ್ದಿತ್ತು. ನಾನೇ ಸುಣ್ಣ ಹೊಡೆದು ಕೊಟ್ಟೆ.

ಅವಳು ಬಂದಳು. ಎರಡು ಹಸು, ಅದರಲ್ಲಿ ಒಂದು ತುಂಬು ಗಬ್ಬ. ಸಾಮಾನು ಇಳಿಸುವ ಮೊದಲು ಹಸುಗಳಿಗೆ ನೀರು ಎಲ್ಲಿ ಎಂದು ಕೇಳಿದಳು. ಆ ಒಂದು ಪ್ರಶ್ನೆಯಿಂದಲೇ ನಮ್ಮ ಹೆಂಗಸರಿಗೆ ಅವಳು ಹಿಡಿಸಿದಳು. ಡೈರಿಯಲ್ಲಿ ನಮಗೆಲ್ಲ ಒಂದೊಂದು ನಂಬರು, ಕರೆಯುವುದೂ ನಂಬರಿನಲ್ಲೇ. ಅವಳಿಗೆ ಹದಿನೇಳು ಕೊಟ್ಟೆ.

ಪರೀಕ್ಷೆಯ ತಿಂಗಳು ಅರ್ಧ ಕಳೆದಾಗ ಅವಳ ಹಸು ಕರು ಹಾಕಿತು. ಕರು ಹಾಕಿದ ಹಸುವಿನ ಮೊದಲ ದಿನಗಳ ಗಟ್ಟಿ ಹಾಲೇ ಗಿಣ್ಣು. ಬೆಲ್ಲ ಏಲಕ್ಕಿ ಹಾಕಿ ಕಾಯಿಸಿ ಮನೆಮನೆಗೆ ಹಂಚುವುದು ನಮ್ಮ ಕಡೆಯ ಪದ್ಧತಿ. ಅವಳು ಒಂದು ಮನೆಯನ್ನೂ ಬಿಡದೆ ಹಂಚಿದಳು. ನನ್ನವಳು ತೀರಿಕೊಂಡು ಎರಡು ವರ್ಷವಾಗಿತ್ತು, ನನ್ನ ಮನೆಯಲ್ಲಿ ಗಿಣ್ಣು ಕಾಯಿಸುವವರಿರಲಿಲ್ಲ. ಅದನ್ನು ತಿಳಿದುಕೊಂಡಿದ್ದಳೇನೋ, ನನಗೆ ಒಂದು ಬಟ್ಟಲು ಹೆಚ್ಚಿಗೆ ತಂದಳು. "ಅಣ್ಣಾ, ನಾಳೆಗೂ ಆಗ್ತದೆ, ಒಟ್ಟಿಗೆ ತಿನ್ಬೇಡಿ" ಎಂದಳು. ಒಟ್ಟಿಗೇ ತಿಂದೆ.

ಗಿಣ್ಣು ಎಷ್ಟು ರುಚಿಯೋ ಡೈರಿಗೆ ಅಷ್ಟೇ ಕೇಡು. ಅದು ಒಂದು ಲೀಟರ್ ಸೇರಿದರೂ ಸಾಕು, ಕಾಯಿಸಿದಾಗ ಇಡೀ ಕ್ಯಾನಿನ ಹಾಲು ಒಡೆಯುತ್ತದೆ. ಹಾಲು ತೆಗೆದುಕೊಳ್ಳುವ ಕೆಲಸ ಆ ತಿಂಗಳಿನಿಂದ ನನ್ನದಾಗಿತ್ತು. ಅವಳು ಹತ್ತು ದಿನ ಆ ಹಸುವಿನ ಹಾಲು ತರಲಿಲ್ಲ. ಹನ್ನೊಂದನೇ ದಿನ ಚಿಕ್ಕ ಲೋಟದಲ್ಲಿ ತಂದು, "ಇವತ್ತಿಂದ ಹಾಕ್ಲಾ ಅಣ್ಣಾ? ನೀವೇ ನೋಡಿ ಹೇಳಿ" ಎಂದಳು. ನನ್ನ ಒಲೆಯ ಮೇಲೆ ಕಾಯಿಸಿ ನೋಡಿದೆ. ಕೆನೆ ಕಟ್ಟಿತೇ ಹೊರತು ಒಡೆಯಲಿಲ್ಲ. ಹಾಕು ಎಂದೆ. ಇದು ನನಗೂ ಅವಳಿಗೂ ಮಾತ್ರ ಗೊತ್ತಿದ್ದ ವಿಷಯ.

ತಿಂಗಳು ಮುಗಿಯಲು ನಾಲ್ಕು ದಿನ ಇತ್ತು. ನನ್ನ ಕೆಂದ ಹಸು, ಹಾಲು ಬತ್ತಿಸಿಕೊಂಡು ಹೊಲದ ಕೊಟ್ಟಿಗೆಯಲ್ಲಿದ್ದದ್ದು, ಸತ್ತ ಕರು ಹಾಕಿತು. ಕರು ಸತ್ತು ಹುಟ್ಟಿದರೆ ನಮ್ಮಲ್ಲಿ ಗಿಣ್ಣು ಹಂಚುವುದಿಲ್ಲ, ಹೇಳಿಕೊಳ್ಳುವುದೂ ಇಲ್ಲ. ಬದುವಿನ ಪಕ್ಕ ನಾನೊಬ್ಬನೇ ಗುಂಡಿ ತೆಗೆದು ಮುಚ್ಚಿದೆ.

ಮೂರು ದಿನ ಕಳೆಯಿತು. ಕೊನೆಯ ದಿನ ಬೆಳಗ್ಗೆ ಒಬ್ಬರ ಹಸುವಿಗೆ ಕೆಚ್ಚಲು ಬಾವು ಬಂದು ಅವರ ಹಾಲು ಬರಲಿಲ್ಲ. ಎಲ್ಲರೂ ಹಾಕಿ ಹೋದ ಮೇಲೆ ನೋಡಿದರೆ ಮೂರನೇ ಕ್ಯಾನು ನಾಲ್ಕು ಬೆರಳು ಕಡಿಮೆ. ವ್ಯಾನು ಬರಲು ಅರ್ಧ ಗಂಟೆ. ನಾನು ಹೊಲಕ್ಕೆ ಓಡಿದೆ. ಕೆಂದ ಹಸುವಿನ ಹಾಲು ಕರೆದು ತಂದು ಕ್ಯಾನಿಗೆ ಸುರಿದೆ. ನಾಲ್ಕನೇ ದಿನದ ಹಾಲು, ನೋಡಲು ತೆಳ್ಳಗೇ ಇತ್ತು. ಒಂದು ಲೋಟ ಕಾಯಿಸಿ ನೋಡಬಹುದಿತ್ತು. ನೋಡಿದರೆ ಉತ್ತರ ಸಿಗುತ್ತದೆಂದೇ ನೋಡಲಿಲ್ಲ.

ಮಧ್ಯಾಹ್ನ ಕ್ಯಾನು ವಾಪಸ್ ಬಂತು. ಹಾಲು ಒಡೆದಿತ್ತು. ಹಿಂದೆಯೇ ಆಫೀಸರ್ ಬಂದರು. ಅರಳಿಕಟ್ಟೆಯ ಮುಂದೆ ಎಲ್ಲರನ್ನೂ ಕೂರಿಸಿ, "ಯಾರೋ ಗಿಣ್ಣು ಹಾಲು ಹಾಕಿದ್ದಾರೆ. ಯಾರು ಅಂತ ನೀವೇ ಹೇಳಿ, ಅವರ ಹಾಲು ನಿಲ್ಲಿಸಿ. ಒಂದು ತಪ್ಪು ನಾನು ಬಿಟ್ಟುಬಿಡ್ತೀನಿ. ಯಾರು ಅಂತಲೇ ಗೊತ್ತಿಲ್ಲ ಅಂದರೆ ಡೈರಿ ನಡೆಸೋಕೆ ನಿಮಗೆ ಆಗಲ್ಲ ಅಂತ ಬರೀತೀನಿ" ಎಂದರು.

ಯಾರ ಹಸು ಕರು ಹಾಕಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅವಳ ಗಿಣ್ಣನ್ನು ಎಲ್ಲರೂ ತಿಂದಿದ್ದರು. ಒಬ್ಬೊಬ್ಬರೇ ಅವಳತ್ತ ತಿರುಗಿದರು. ಗಂಡ ಶಿಫ್ಟಿಗೆ ಹೋಗಿದ್ದ. ಅವಳು ಎದ್ದು ನಿಂತಳು.

"ನಾನು ಹಾಕಿಲ್ಲ. ಹತ್ತು ದಿನ ಬಿಟ್ಟೇ ತಂದಿರೋದು" ಎಂದಳು. ಆಮೇಲೆ ನನ್ನ ಕಡೆ ನೋಡಿ, "ಅಣ್ಣಂಗೆ ಗೊತ್ತು" ಎಂದಳು.

ಈಗ ಎಲ್ಲರೂ ನನ್ನತ್ತ ತಿರುಗಿದರು. ಕುಳ್ಳನೆಯ ಗೆಳೆಯ, "ಹೇಳಪ್ಪ, ನೀನು ಹೇಳಿದ್ದೇ ಸೈ" ಎಂದ.

ನಾನು ಹೇಳಿದೆ: "ಹೊಸಬ್ರು. ಬೇಕಂತ ಹಾಕಿರಾಕಿಲ್ಲ. ಗೊತ್ತಾಗ್ದೆ ಹಾಕ್ಬುಟ್ಟಿರ್ಬೋದು. ಬುಟ್ಬುಡಿ."

ಅಷ್ಟೇ ನಾನು ಆಡಿದ ಮಾತು. ಕೇಳಿದವರಿಗೆ ಅದು ಅವಳ ಪರ ಆಡಿದ ಮಾತಿನಂತೆಯೇ ಇತ್ತು. ನನ್ನದು ದೊಡ್ಡ ಮನಸ್ಸು ಎಂದವರೂ ಇದ್ದರು. ಅವಳು ಮಾತ್ರ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಸೆರಗು ಸರಿಮಾಡಿಕೊಂಡು ಕೂತಳು. ಆಫೀಸರ್ ಪುಸ್ತಕ ನನ್ನ ಮುಂದಿಟ್ಟರು. ಹದಿನೇಳನೇ ನಂಬರಿನ ಮೇಲೆ ಗೀಟು ಎಳೆದವನೂ ನಾನೇ.

ನಮಗೆ ಡೈರಿ ಸಿಕ್ಕಿತು. ಅವಳನ್ನು ಯಾರೂ ಹೋಗು ಎನ್ನಲಿಲ್ಲ. ಹಾಲು ತೆಗೆದುಕೊಳ್ಳಲಿಲ್ಲ, ಅಷ್ಟೆ. ಹಾಲು ಹಾಕಲು ಜಾಗವಿಲ್ಲದ ಊರಿನಲ್ಲಿ ಹಸು ಕಟ್ಟಿದವರು ಏನು ಮಾಡಬೇಕು? ಹದಿನೈದು ದಿನ ನೋಡಿದರು, ಒಂದು ಬೆಳಗ್ಗೆ ಹಸು, ಕರು, ಸಾಮಾನು ಟೆಂಪೋಗೆ ಹತ್ತಿಸಿಕೊಂಡು ಹೊರಟರು. ಹುಳುಮನೆಯನ್ನು ಗುಡಿಸಿ, ಬೀಗದ ಕೈಯನ್ನು ನನ್ನ ಕಿಟಕಿಯಲ್ಲಿಟ್ಟು ಹೋಗಿದ್ದಳು. ನಾನು ಒಳಗೇ ಇದ್ದೆ. ಬೀಗದ ಕೈ ಇಟ್ಟ ಸದ್ದು ಕೇಳಿಸಿತು. ಕೆಂದ ಹಸುವಿನ ಹಾಲನ್ನು ಆಮೇಲೂ ಒಂದು ತಿಂಗಳು ಡೈರಿಗೆ ತರಲಾರದೆ ದಿನಾ ತಿಪ್ಪೆಗೆ ಸುರಿದೆ.

ಕ್ಷಮೆ ಕೇಳಲು ಒಂದು ಅವಕಾಶ ಬಂದಿತ್ತು. ಎರಡು ಮೂರು ವರ್ಷದ ಮೇಲೆ ಕನಕಪುರದ ಬಸ್ ಸ್ಟ್ಯಾಂಡಿನಲ್ಲಿ ಹಿಂದಿನಿಂದ "ಅಣ್ಣಾ" ಎಂದರು. ತಿರುಗಿದರೆ ಅವಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಊರವರನ್ನೆಲ್ಲ ವಿಚಾರಿಸಿದಳು. ಆ ಸಲ ಹುಟ್ಟಿದ ಕರು ಬೆಳೆದು ಈಗ ತಾನೂ ಒಂದು ಕರು ಹಾಕಿದೆ ಎಂದಳು. ಆಮೇಲೆ, "ನಿಮ್ಮ ಕೆಂದ ಹಸು ಮತ್ತೆ ಕರು ಹಾಕ್ತಾ ಅಣ್ಣಾ? ಪಾಪ, ಆ ಸಲದ್ದು ಹೋಗಿತ್ತಲ್ಲ. ಹುಲ್ಲು ಕುಯ್ಯಕ್ಕೆ ಬಂದಾಗ ಬದು ಹತ್ರ ಹೊಸ ಮಣ್ಣು ನೋಡಿದ್ದೆ" ಎಂದಳು.

ಅವಳಿಗೆ ಆ ದಿನವೇ ಗೊತ್ತಿತ್ತು. ಅರಳಿಕಟ್ಟೆಯ ಮುಂದೆ "ಅಣ್ಣಂಗೆ ಗೊತ್ತು" ಎಂದಳೇ ಹೊರತು, ಅಣ್ಣನ ಹಸುವೂ ಕರು ಹಾಕಿದೆ ಎನ್ನಲಿಲ್ಲ. ಆ ಮಾತನ್ನು ನಾನೇ ಹೇಳಲಿ ಎಂದು ಬಿಟ್ಟಿದ್ದಳು.

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಿಲ್ಲುತ್ತಿದ್ದೆನೋ ಏನೋ. "ಬಸ್ ಬಂತು, ಬತ್ತೀನಿ ಕಣವ್ವ" ಎಂದು ಎದುರಿಗೆ ನಿಂತಿದ್ದ ಬಸ್ಸು ಹತ್ತಿದೆ. ಅದು ರಾಮನಗರದ ಬಸ್ಸು. ಮುಂದಿನ ನಿಲ್ದಾಣದಲ್ಲಿ ಇಳಿದು, ಬಿಸಿಲಿನಲ್ಲಿ ಕನಕಪುರಕ್ಕೆ ವಾಪಸ್ ನಡೆದೆ. ಅಷ್ಟರಲ್ಲಿ ಅವಳಿರಲಿಲ್ಲ. ಗಂಡನ ಕಾರ್ಖಾನೆಯಲ್ಲಿ ವಿಚಾರಿಸಿದರೆ ತಿಳಿಯುತ್ತಿತ್ತು. ವಿಚಾರಿಸಲಿಲ್ಲ.

ಹೋದ ವಾರ ಪೇಪರಿನಲ್ಲಿ ಮತ್ತೆ ಸ್ಕಾಟ್ಲೆಂಡ್ ಬಂದಿತ್ತು. ಬೇರೆಯಾಗಬೇಕು, ಬೇಡ ಎನ್ನುವ ವಾದ ಅಲ್ಲಿ ಇನ್ನೂ ಮುಗಿದಿಲ್ಲ. ಹುಟ್ಟುವ ಮಕ್ಕಳು ಕಡಿಮೆಯಾಗಿ, ಹೊರಗಿನಿಂದ ಜನ ಬಂದು ನೆಲೆಸಲಿ ಎಂದು ಕೇಳುತ್ತಿದ್ದಾರಂತೆ. ಬೇರೆಯಾದರೆ ನಮಗೆ ಬೇಕಾದವರನ್ನು ನಾವೇ ಕರೆಯಬಹುದು ಎಂದು ಒಂದು ಕಡೆಯವರ ವಾದ. ಜಗಲಿಯ ಮೇಲೆ ಈಗ ಕೇಳುವವರು ಏಳೆಂಟು ಜನ. ನಮ್ಮ ಜಿಲ್ಲೆಗೆ ಯಾವ ಹೆಸರು ಎಂದು ಒಂದಷ್ಟು ದಿನ ವಾದ ಮಾಡಿದವರೂ ಇವರೇ. ಎಷ್ಟೋ ಹೊಲಗಳಿಗೆ ಬೆಂಗಳೂರಿನವರ ತಂತಿ ಬೇಲಿ ಬಂದಿದೆ, ಹಸುಗಳು ಹೋಗಿವೆ. ಒಂದು ಕ್ಯಾನು ತುಂಬುವುದೇ ಕಷ್ಟ. ಹೀಗೇ ಆದರೆ ಡೈರಿಯನ್ನು ದೊಡ್ಡ ಊರಿಗೇ ಸೇರಿಸುತ್ತೇವೆ ಎಂದು ಹಾಲಿನ ಆಫೀಸಿನವರು ಹೇಳಿ ಹೋಗಿದ್ದಾರೆ.

"ನಾವೂ ಯಾರ್ನಾದ್ರೂ ಕರೀಬೇಕು ಕಣ್ರಪ್ಪ, ಹಸ ಇರೋರ್ನ" ಎಂದ ಕುಳ್ಳನೆಯ ಗೆಳೆಯ. ಅವನಿಗೂ ಈಗ ಕೋಲು ಬಂದಿದೆ.

"ಕರದ್ರೆ ಯಾರ್ ಬತ್ತರೆ?"

"ಇವ್ನೇ ಹೋಗ್ಲಿ, ಹಿಂದೆ ಕರ್ಕಂಡ್ ಬಂದಿದ್ನಲ್ಲ" ಎಂದು ನನ್ನ ಕಡೆ ಕೋಲು ತೋರಿಸಿದ. "ಒಳ್ಳೆ ಹೆಂಗ್ಸು ಕಣಪ್ಪ ಅದು. ಒಂದ್ ತಪ್ಪು ಮಾಡ್ತು, ಪಾಪ. ನೀನೂ ಬುಟ್ಬುಡಿ ಅಂದೆ. ನಾವು ಬುಡ್ನಿಲ್ಲ."

ಹತ್ತು ವರ್ಷ ಇವನು ಆ ತಪ್ಪನ್ನು ಅವಳದೆಂದೇ ನಂಬಿದ್ದಾನೆ. ಬಿಡಲಿಲ್ಲವಲ್ಲ ಎಂಬ ಪಾಪವನ್ನು ತನ್ನ ಪಾಲಿಗೆ ಹೊತ್ತುಕೊಂಡಿದ್ದಾನೆ. ನಾನು ಕನ್ನಡಕ ಒರೆಸಿಕೊಂಡು ಮುಂದಿನ ಸುದ್ದಿ ಓದಿದೆ. ಏನು ಓದಿದೆನೋ ನೆನಪಿಲ್ಲ.

ನಾಳೆ ಬೆಳಗ್ಗೆ ಪೇಪರ್ ಬದಲು ಈ ಹಾಳೆಗಳನ್ನು ಓದಬೇಕೆಂದಿದ್ದೇನೆ. ಓದಿದ ಮೇಲೆ ಅವರು ನನ್ನ ಮುಖ ನೋಡದಿದ್ದರೆ ಅದೂ ಸರಿಯೇ. ಆದರೆ ಅವರ ಮುಂದೆ ಓದಿದ್ದು ಅವಳ ಮುಂದೆ ಹೇಳಿದಂತೆ ಆಗುವುದಿಲ್ಲ, ಅದು ನನಗೆ ಗೊತ್ತು. ಅವಳು ಎಲ್ಲಿದ್ದಾಳೋ ತಿಳಿಯದು. ನಾನು ಬಾ ಎಂದು ಕರೆದವಳು. ನನ್ನನ್ನು ಅಣ್ಣ ಎಂದವಳು. ಒಂದು ಬಟ್ಟಲು ಗಿಣ್ಣು ಹೆಚ್ಚಿಗೆ ಕೊಟ್ಟವಳು. ಆ ನಂಬರನ್ನು ಆಮೇಲೆ ಯಾರಿಗೂ ಕೊಡಲಿಲ್ಲ, ಹದಿನಾರು ಕರೆದ ಮೇಲೆ ಹದಿನೆಂಟು ಕರೆಯುತ್ತೇನೆ. ನಾನು ಕ್ಷಮೆ ಕೇಳದೇ ಹೋದದ್ದು ಅವಳನ್ನು, ಹದಿನೇಳನೇ ನಂಬರಿನವಳನ್ನು.