ಬಿಳಿಯ ಮೇಲೆ ಬಿಳಿಯಾಗಿ ಬರೆದ ಹೆಸರುಗಳು

ನಾಲಗೆ ಇನ್ನೂ ತೊದಲುತ್ತಿದ್ದ ವಯಸ್ಸಿನಲ್ಲಿ ನನ್ನ ಬೆರಳು ಹಿಡಿದು ಮರಳಿನ ಮೇಲೆ ಮೊದಲ ಅಕ್ಷರವನ್ನು ತಿದ್ದಿಸಿದ ಗುರುವಿನ ಪಾದಗಳಿಗೆ, ಅಂಗೈಯ ಮೇಲೆ ನೆಲೆಸಿ ನನ್ನ ಪೂಜೆಯನ್ನೂ ನನ್ನ ಭಯವನ್ನೂ ಒಂದೇ ಸಮನಾಗಿ ಸ್ವೀಕರಿಸುತ್ತ ಬಂದ ಶಿವನಿಗೆ, ಈ ದೇಹಕ್ಕೆ ಹೊದಿಸಿದ ಪ್ರತಿಯೊಂದು ಬಟ್ಟೆಯ ಹಿಂದೆಯೂ ಇದ್ದ, ನಾನೆಂದೂ ನೋಡದ ಕೈಗಳಿಗೆ ಮೊದಲು ನಮಸ್ಕಾರ. ಇವರನ್ನು ನೆನೆದ ಮೇಲೆಯೇ ಮಾತಿಗೆ ತೊಡಗಬೇಕೆಂದು ಕಲಿತವನು ನಾನು. ಈಗ ಹೇಳಹೊರಟಿರುವ ಸಂಗತಿಯಲ್ಲಂತೂ ಅವರೆಲ್ಲರ ಕೃಪೆ ಬೇಕಾಗಿ ಬಂದಿತ್ತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಚಳ್ಳಕೆರೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ನಾನು ನಿವೃತ್ತನಾಗಿದ್ದೆ. ಎಣ್ಣೆ ಮಿಲ್ಲುಗಳ ಕಡೆಗೆ ಹೋಗುವ ಬೀದಿಯಲ್ಲಿ ನಮ್ಮ ಮನೆ. ಅದರ ಮುಂದಿನ ಕೋಣೆಯಲ್ಲಿ ನನ್ನ ಸೊಸೆ ಇಂಟರ್‌ನೆಟ್ ಸೆಂಟರ್ ಇಟ್ಟಿದ್ದಳು. ಶೇಂಗಾ ಹಿಂಡಿಯ ವಾಸನೆಯ ನಡುವೆ, ಕರೆಂಟು ಹೋದಾಗಲೆಲ್ಲ ಕೂಗುವ ಯುಪಿಎಸ್‌ನ ಸದ್ದಿನ ನಡುವೆ, ಅವಳು ಫಲಿತಾಂಶ ನೋಡಿಕೊಡುವುದು, ಅರ್ಜಿ ತುಂಬಿಕೊಡುವುದು, ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಇತ್ಯಾದಿ ಕೆಲಸಗಳನ್ನು ಮಾಡುತ್ತಿದ್ದಳು.

ಒಮ್ಮೆ ಮೊಳಕಾಲ್ಮೂರಿನಿಂದ ನನ್ನ ಹಳೆಯ ಶಿಷ್ಯನೊಬ್ಬ ತನ್ನ ಅಕ್ಕನನ್ನು ಕರೆದುಕೊಂಡು ಬಂದ. ಅವರದು ರೇಷ್ಮೆ ಸೀರೆ ನೇಯುವ ಮನೆತನ. ಬಹುಕಾಲದಿಂದ ಒಬ್ಬ ಸಾವ್ಕಾರ ಅವರಿಗೆ ನೂಲು ಕೊಟ್ಟು, ನೇಯ್ದ ಸೀರೆಯನ್ನು ತಾನೇ ಒಯ್ಯುತ್ತಿದ್ದ. ಅಕ್ಕ ಅವನೊಡನೆ ಮುನಿಸಿಕೊಂಡು, ಇನ್ನು ಮೇಲೆ ಉಡುವವರಿಗೇ ನೇರವಾಗಿ ಮಾರುತ್ತೇನೆಂದು ಹೇಳಿ ಬಂದಿದ್ದಳು.

"ಸಾವ್ಕಾರ ಏನಂದ ಗೊತ್ತಾ ಮೇಷ್ಟ್ರೇ?" ಎಂದ ತಮ್ಮ. "ಮೂರು ತಿಂಗ್ಳಲ್ಲಿ ನೀವೇ ಮಗ್ಗದ ಗುಂಡಿಗೆ ಮಣ್ಣು ಹಾಕ್ತೀರ, ಆಮ್ಯಾಕೆ ನಿನ್ನ ತಮ್ಮುನ್ನ ದೊಡ್ಡಬಳ್ಳಾಪುರದ ಪವರ್‌ಲೂಮಿಗೆ ನಾನೇ ಬಸ್ ಹತ್ತಿಸ್ತೀನಿ ಅಂದ."

ಅವರ ಮಗ್ಗಗಳು ನೆಲದಲ್ಲಿ ಗುಂಡಿ ತೋಡಿ, ಕಾಲು ಇಳಿಬಿಟ್ಟು ಕುಳಿತು ನೇಯುವಂಥವು. ಗುಂಡಿಗೆ ಮಣ್ಣು ತುಂಬಿದರೆ ಆ ಮನೆಯಲ್ಲಿ ನೇಯ್ಗೆ ಮುಗಿಯಿತೆಂದೇ ಅರ್ಥ. ಆ ಮಾತು ಬಂದಾಗ ಅಕ್ಕ ತನ್ನ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡದ್ದು ನನಗೆ ಇನ್ನೂ ಕಾಣುತ್ತದೆ.

ಸೊಸೆ ವೆಬ್‌ಸೈಟ್ ಮಾಡಿಕೊಟ್ಟಳು. ಮಾಡಿದರಷ್ಟೇ ಸಾಲದು, ಹುಡುಕುವವರ ಕಣ್ಣಿಗೆ ಬೀಳಬೇಕು ಎಂಬುದನ್ನು ನನಗೆ ತಿಳಿಸಿದವಳೂ ಅವಳೇ. "ಮಾವಾರೇ, ಹುಡುಕೋ ಮಿಷನ್ನಿಗೆ ಫೋಟೋ ಅರ್ಥ ಆಗಲ್ಲ ಕಣ್ರಿ. ಪಕ್ಕದಾಗೆ ಮಾತಲ್ಲಿ ಹೇಳ್ಬೇಕು. ಇರೋದನ್ನ ಇದ್ದಂಗೆ, ಜನ ಕೇಳೋ ಮಾತಲ್ಲೇ ಹೇಳಿದ್ರೆ ತಾನಾಗೇ ಮ್ಯಾಲಕ್ಕೆ ಬರುತ್ತೆ. ಆದ್ರೆ ಕಾಯಬೇಕು." ಒಂದೊಂದು ಸೀರೆಯ ಅಂಚು ಯಾವುದು, ಉದ್ದೆಳೆಯ ಹಾಸಿನ ಬಣ್ಣ ಯಾವುದು, ಅಡ್ಡೆಳೆಯ ಹೊಕ್ಕಿನದು ಯಾವುದು ಎಂಬುದನ್ನು ಅಕ್ಕನಿಂದ ಕೇಳಿ ನಾನು ಕನ್ನಡದಲ್ಲಿ ಬರೆದೆ, ಸೊಸೆ ಅದನ್ನು ಇಂಗ್ಲಿಷಿಗೆ ತಂದಳು. ಪುಟಪುಟಕ್ಕೂ ಅದರದೇ ತಲೆಬರಹ ಕೊಟ್ಟಳು. ಕರಕುಶಲ ಕಲೆಗಳ ಬಗ್ಗೆ ಬರೆಯುವ ಕೆಲವರಿಗೆ ವಿಷಯ ತಿಳಿಸಿ, ಇಷ್ಟವಾದರೆ ನಿಮ್ಮ ಓದುಗರಿಗೆ ಹೇಳಿ ಎಂದು ಕೇಳಿಕೊಂಡಳು. ನಿಧಾನವಾಗಿ, ಹುಣ್ಣಿಮೆಯ ಕಡೆಗೆ ಸಾಗುವ ಚಂದ್ರನ ಹಾಗೆ, ಸೈಟು ಹಿಂದಿನ ಪುಟಗಳಿಂದ ಮುಂದಕ್ಕೆ ಬರತೊಡಗಿತು. ಒಂದೆರಡು ಸೀರೆಗಳೂ ಹೋದವು.

ಆಗಲೇ ಅಕ್ಕ ಒಂದು ಬೇಡಿಕೆ ಇಟ್ಟಳು. ಅವರ ಮನೆಯಲ್ಲಿ ಒಂದು ಪದ್ಧತಿಯಿದೆ. ಮಗ್ಗಕ್ಕೆ ಹೊಸ ಹಾಸು ಏರಿಸಿದಾಗ ಮನೆಯ ಹಿರಿಯರು ಬಗ್ಗಿ, ತುಟಿಯನ್ನು ನೂಲಿಗೆ ತಾಕಿಸುವಷ್ಟು ಹತ್ತಿರ ತಂದು, ಆ ಮನೆಯಲ್ಲಿ ಈವರೆಗೆ ನೇಯ್ದ ಎಲ್ಲ ಬಗೆಯ ಸೀರೆಗಳ ಹೆಸರನ್ನು ಪಿಸುಗುಟ್ಟುತ್ತಾರೆ. ಬೇರೆ ಯಾರಿಗೂ ಕೇಳಿಸಬಾರದು. ಗೋಪುರದಂಚು, ನವಿಲಂಚು, ರುದ್ರಾಕ್ಷಿಯಂಚು, ಈಗ ಯಾರೂ ನೇಯದ ಅಂಚುಗಳು ಕೂಡ. ಮರೆತರೆ ಮಗ್ಗ ಮುನಿಯುತ್ತದೆಂದು ನಂಬಿಕೆ.

"ಇದೂ ನಮ್ಮ ಮಗ್ಗನೇ ಅಲ್ವೇನಮ್ಮಾ?" ಎಂದು ಅವಳು ಕಂಪ್ಯೂಟರನ್ನು ತೋರಿಸಿ ಸೊಸೆಯನ್ನು ಕೇಳಿದಳು. "ಇದ್ರೊಳಗೂ ಹೆಸ್ರು ಹಾಕು ತಾಯಿ. ಯಾರಿಗೂ ಕಾಣ್ಬಾರ್ದು."

ತಮ್ಮ ನಕ್ಕ. "ನಮ್ಮಕ್ಕ ಕರೆಂಟ್ ಕಂಬಕ್ಕೂ ಅರಿಶಿಣ ಹಚ್ತಾಳೆ ಮೇಷ್ಟ್ರೇ."

"ಹಚ್ಚಿದ್ರೆ ನಿನ್ ಗಂಟೇನ್ ಹೋಗ್ತೈತೋ ಮುಚ್ಕಂಡಿರು," ಎಂದಳು ಅಕ್ಕ.

ಭಕ್ತಿಯಿಂದ ಕೇಳಿದ್ದನ್ನು ಸೊಸೆ ಭಕ್ತಿಯಿಂದಲೇ ನಡೆಸಿಕೊಟ್ಟಳು. ಪ್ರತಿ ಪುಟದ ಅಡಿಯಲ್ಲಿ, ಬಿಳಿಯ ನೆಲದ ಮೇಲೆ ಬಿಳಿಯ ಅಕ್ಷರಗಳಲ್ಲಿ, ಅಕ್ಕ ಹೇಳಿಕೊಟ್ಟ ಆ ಹೆಸರುಗಳನ್ನೆಲ್ಲ ಸಾಲಾಗಿ ಬರೆದಳು. ಒಂದೊಂದು ಹೆಸರಿನ ಮುಂದೆಯೂ ಊರಿನ ಹೆಸರು, ರೇಷ್ಮೆ, ಸೀರೆ ಎಂದು ಬಂತು, ಏಕೆಂದರೆ ಅಕ್ಕ ಪಿಸುಗುಟ್ಟುವುದೇ ಹಾಗೆ. ನೋಡುವವರಿಗೆ ಅಲ್ಲಿ ಏನೂ ಇರಲಿಲ್ಲ. ಅಕ್ಕ, ಸೊಸೆ, ನಾನು ಮೂವರೂ ಅಂದು ಕೈಮುಗಿದೆವು.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ನಾನು ಪೂಜೆ ಮುಗಿಸಿ ಏಳುವಷ್ಟರಲ್ಲಿ ಸೊಸೆ ಬಾಗಿಲಲ್ಲಿ ನಿಂತಿದ್ದಳು.

"ಮಾವಾರೇ, ಸೈಟು ಇಲ್ಲ."

"ಇಲ್ಲವೆಂದರೆ?"

"ವಿಳಾಸ ಹೊಡೆದ್ರೆ ತೆಗೆಯುತ್ತೆ. ಹುಡುಕಿದ್ರೆ ಎಲ್ಲೂ ಇಲ್ಲ. ಅದ್ರ ಸ್ವಂತ ಹೆಸರು ಹೊಡೆದ್ರೂ ಇಲ್ಲ."

ನಾನು ಹೋಗಿ ಕುಳಿತು ನೋಡಿದೆ. ಊರಿನ ಹೆಸರು ಬರೆದರೆ ಬೇರೆ ಅಂಗಡಿಗಳು ಬಂದವು. ಅಕ್ಕನ ಮನೆತನದ ಹೆಸರನ್ನೇ ಬರೆದರೂ ಅವೇ ಬಂದವು. ಮನೆ ಇದ್ದಲ್ಲೇ ಇತ್ತು, ದಾರಿಗಳೆಲ್ಲ ಅದನ್ನು ಮರೆತುಬಿಟ್ಟಿದ್ದವು. ಸತ್ತವರನ್ನು ಕಂಡಿದ್ದೇನೆ, ಕಾಣೆಯಾದವರ ಮನೆಯವರನ್ನೂ ಕಂಡಿದ್ದೇನೆ. ಈ ಬಗೆಯ ಇಲ್ಲವಾಗುವಿಕೆಯನ್ನು ಮೊದಲು ಕಂಡಿರಲಿಲ್ಲ. ಯಾರು ಅಳಿಸಿದರು, ಎಲ್ಲಿ ಕುಳಿತು ಅಳಿಸಿದರು, ಯಾರ ಮುಂದೆ ನಿಂತು ಕೇಳಬೇಕು?

ಅವಳು ಹುಡುಕಾಟದ ತಾಣದವರು ಪ್ರಕಟಿಸಿದ ನಿಯಮಗಳನ್ನು ಮತ್ತೆ ಓದಿದಳು. ಓದುತ್ತ ಓದುತ್ತ ಒಂದು ಕಡೆ ನಿಂತುಬಿಟ್ಟಳು. ಜನರಿಗೆ ಕಾಣಿಸದೆ ಯಂತ್ರಕ್ಕೆ ಮಾತ್ರ ಕಾಣುವಂತೆ ಮಾತುಗಳನ್ನು ತುಂಬುವುದು ಮೋಸ, ಅಂಥ ತಾಣವನ್ನು ತೆಗೆದುಹಾಕುತ್ತೇವೆ ಎಂಬುದು ಅದರ ಸಾರ. ಮೇಲಕ್ಕೇರುವ ಆಸೆಯಿಂದ ಹಾಗೆ ಮಾಡುವವರು ಲೋಕದಲ್ಲಿ ಬಹಳ ಮಂದಿ ಇದ್ದರಂತೆ. ನಮ್ಮ ಅಕ್ಕನ ಪ್ರಾರ್ಥನೆ ಆ ಮೋಸಗಾರರ ವೇಷದಲ್ಲೇ ನಿಂತಿತ್ತು.

ಆ ವಾರವೇ ಬೆಂಗಳೂರಿನಿಂದ ಅಕ್ಕನ ತಮ್ಮನಿಗೆ ಫೋನು ಬಂತು. ಇಂಥ ಕೆಲಸವನ್ನೇ ಕಸುಬು ಮಾಡಿಕೊಂಡವನೊಬ್ಬ, ಬೇರೆ ವಿಳಾಸದಲ್ಲಿ ಸೈಟು ತೆರೆದು, ಸಾವಿರಾರು ಸುಳ್ಳು ತಾಣಗಳಿಂದ ಅದಕ್ಕೆ ಕೊಂಡಿ ಹಾಕಿಸಿ, ಮದುವೆಯ ತಿಂಗಳುಗಳು ಬರುವಷ್ಟರಲ್ಲಿ ಮೊದಲ ಪುಟದಲ್ಲಿ ಕೂರಿಸುತ್ತೇನೆಂದ. ತಮ್ಮನ ಮನಸ್ಸು ವಾಲಿತು. ಅವನನ್ನು ದೂರುವಂತಿರಲಿಲ್ಲ. ಸಾವ್ಕಾರ ಹೇಳಿದ ಮೂರು ತಿಂಗಳು ಮುಗಿಯುತ್ತ ಬಂದಿತ್ತು, ಒಂದು ಮಗ್ಗ ಆಗಲೇ ನಿಂತಿತ್ತು.

ಸೊಸೆಯೊಡನೆ ನಾನು ಮೊಳಕಾಲ್ಮೂರಿಗೆ ಹೊರಟೆ. ತಳಕು ದಾಟಿ ಬಸ್ಸು ಬಯಲಿನಲ್ಲಿ ಓಡುತ್ತಿದ್ದಾಗ ಅವಳು, "ನನ್ನ ಕೈಯಿಂದ್ಲೇ ಆಗಿದ್ದು ಮಾವಾರೇ," ಎಂದಳು. ನಾನು ಶಿವನಾಮ ಹೇಳಿಕೊಂಡೆ. ಎಷ್ಟು ಹೇಳಿದರೂ ಎದೆಯೊಳಗಿನ ಭಾರ ಇಳಿಯಲಿಲ್ಲ.

ಅಕ್ಕ ನಿಂತ ಮಗ್ಗದ ಪಕ್ಕ ಕುಳಿತಿದ್ದಳು. ಸೊಸೆ ಎಲ್ಲವನ್ನೂ ಬಿಡಿಸಿ ಹೇಳಿ, ಬಿಳಿಯ ಹೆಸರುಗಳನ್ನು ತೆಗೆಯಬೇಕೆಂದಳು.

"ಅಯ್ಯೋ ದೇವುಡಾ!" ಅಕ್ಕನ ಕಣ್ಣು ಅಗಲವಾಯಿತು. "ಹೆಸ್ರು ತೆಗುದ್ರೆ ಉಳಿದಿರೋ ಮಗ್ಗಾನೂ ನಿಂತೋಗ್ತೈತೆ. ನಮ್ಮವ್ವ ಒಂದ್ ದಪ ಮರ್ತಿದ್ಲು, ಆ ಹಾಸು ಪೂರ್ತಿ ಹರ್ದೋತು."

"ಅಕ್ಕಾ, ಅವನು ಬೆಂಗ್ಳೂರೋನು ಏನೂ ತೆಗಿಯೋದು ಬ್ಯಾಡ ಅಂತಾನೆ," ಎಂದ ತಮ್ಮ. "ಎಲ್ಲಾ ಹಂಗೇ ಇರ್ಲಿ, ಇನ್ನೂ ಹಾಕ್ತೀನಿ ಅಂತಾನೆ."

"ಇನ್ನೂ ಏನು ಹಾಕ್ತಾನಂತೆ?" ಎಂದಳು ಅಕ್ಕ.

"ಕಂಚಿ, ಬನಾರಸು... ಜನ ಏನೇನು ಹುಡುಕ್ತಾರೋ ಎಲ್ಲಾ."

ಅಕ್ಕ ತಮ್ಮನನ್ನು ದಿಟ್ಟಿಸಿದಳು. "ನಾನು ನೇಯದೇ ಇರೋದಕ್ಕೆ ನನ್ನ ಹೆಸ್ರು ಇಕ್ತಾನಾ?" ಆಮೇಲೆ ನನ್ನ ಕಡೆ ತಿರುಗಿದಳು. "ಮೇಷ್ಟ್ರೇ, ನೀವು ಓದಿದೋರು. ತೆಗೀಬೌದಾ? ತೆಗುದ್ರೆ ತಪ್ಪಾ? ಹೇಳ್ರಿ."

ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದು ಬೇರೊಂದಿಲ್ಲ. ಶಾಸ್ತ್ರದಲ್ಲಿ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದೆ, ಅವುಗಳಲ್ಲಿ ಯಾರ ಮನೆಯ ನೆಲದ ಗುಂಡಿಯೂ ಇರಲಿಲ್ಲ. ತೆಗೆಯಿರಿ ಎಂದು ನಾನು ಹೇಳಿ, ನಾಳೆ ಉಳಿದ ಮಗ್ಗದ ಹಾಸು ಹರಿದರೆ? ಬೇಡ ಎಂದು ಹೇಳಿ, ಸೈಟು ಮತ್ತೆಂದೂ ಕಾಣದಿದ್ದರೆ? ಗುರುಗಳು ಜಪದ ಬಗೆಗಳನ್ನು ಪಾಠ ಹೇಳಿದ ದಿನ ನೆನಪಾಯಿತು.

"ತಂಗೀ," ಎಂದೆ, "ಪಿಸುಮಾತಿನ ಜಪ ದೊಡ್ಡದು. ಅದು ಹೇಳುವವರಿಗೂ ಕೇಳುವ ದೇವರಿಗೂ ಸೇರಿದ್ದು. ಮಗ್ಗದ ಬಳಿ ನೀನು ಪಿಸುಗುಡು, ಅದನ್ನು ಯಾರೂ ಬಿಡಿಸಲಾರರು. ಆದರೆ ಈ ಪುಟ ಸಂತೆಯಲ್ಲಿ ಹಾಸಿದ ಬಟ್ಟೆ. ಸಂತೆಯಲ್ಲಿ ಕೊಳ್ಳುವವರಿಗೆ ಕೇಳದ ಮಾತು ಇರಬಾರದು. ನನಗೆ ತಿಳಿದಂತೆ ಇಷ್ಟು. ತಪ್ಪಿದ್ದರೆ ಅದರ ಫಲ ನನಗಿರಲಿ."



"ಹಂಗಾದ್ರೆ ಎಲ್ಲಾ ಹೆಸ್ರೂ ಕಾಣಂಗೆ ಹಾಕಾಣ," ಎಂದಳು ಸೊಸೆ ತಟ್ಟನೆ. "ಒಂದೊಂದಕ್ಕೂ ಒಂದೊಂದು ಪುಟ. ಈಗ ನೇಯದೇ ಇರೋದನ್ನ, ಈಗ ನೇಯಲ್ಲ ಅಂತಾನೇ ಬರಿಯಾಣ."

"ಇಲ್ದೇ ಇರೋದನ್ನ ಯಾರು ಕೊಳ್ತಾರಮ್ಮಾ?" ಎಂದು ತಮ್ಮ ಗೊಣಗಿದ. ಅಕ್ಕ ಮಾತ್ರ ಮಗ್ಗದ ಮರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ಹಂಗೇ ಮಾಡು ತಾಯಿ," ಎಂದಳು. ಅವಳ ದನಿ ಧೈರ್ಯದ್ದಾಗಿರಲಿಲ್ಲ.

ಬೆಂಗಳೂರಿನವನಿಗೆ ಬೇಡವೆಂದು ಹೇಳಿದ್ದಾಯಿತು. ಸೊಸೆ ಬಿಳಿಯ ಸಾಲುಗಳನ್ನು ಅಳಿಸಿದಳು. ಹೊಸ ಪುಟಗಳಿಗೆ ನಾನು ಬರೆದೆ: ಈ ಅಂಚು ಇವರ ತಾಯಿಯ ಕಾಲದ್ದು, ಈಗ ನೇಯುತ್ತಿಲ್ಲ, ಚಿತ್ರವೂ ಇಲ್ಲ, ಬಣ್ಣ ಹೀಗಿತ್ತೆಂದು ನೆನಪು. ಬಳಿಕ ನಮ್ಮನ್ನು ಮತ್ತೆ ಸೇರಿಸಿಕೊಳ್ಳಿರೆಂದು ಹುಡುಕಾಟದ ತಾಣದವರಿಗೆ ಸೊಸೆ ಮನವಿ ಕಳಿಸಿದಳು. ಏನು ಮಾಡಿದ್ದೆವು, ಏಕೆ ಮಾಡಿದ್ದೆವು, ಏನನ್ನು ತೆಗೆದೆವು ಎಂಬುದನ್ನು ಮುಚ್ಚದೆ ಬರೆದಳು. ಮಗ್ಗದ ಪಿಸುಮಾತಿನ ಸಂಗತಿಯನ್ನೂ ಬರೆದಳು. "ನಗ್ತಾರೇನೋ ಮಾವಾರೇ," ಎಂದಳು. ನಗುವುದಕ್ಕಾದರೂ ಅಲ್ಲಿ ಒಬ್ಬ ಮನುಷ್ಯನಿರಲಿ ಎಂದು ನಾನು ಪ್ರಾರ್ಥಿಸಿದೆ.

ಕಾಯುವ ಆ ದಿನಗಳನ್ನು ವರ್ಣಿಸಲಾರೆ. ದಿನವೂ ಬೆಳಿಗ್ಗೆ ಸೊಸೆ ಹೆಸರು ಹೊಡೆಯುವಾಗ ನಾನು ಪೂಜೆಯ ಕೋಣೆಯಿಂದ ಕಿವಿಯನ್ನು ಅತ್ತ ಇಟ್ಟಿರುತ್ತಿದ್ದೆ. ಕುರ್ಚಿ ಹಿಂದೆ ಸರಿದ ಸದ್ದಿನಿಂದಲೇ ಇಲ್ಲವೆಂದು ತಿಳಿಯುತ್ತಿತ್ತು. ಮೊಳಕಾಲ್ಮೂರಿನಿಂದ ಫೋನು ಬಂದರೆ ಎತ್ತಲು ಭಯ. ಹಾಸು ಹರಿಯಿತು ಎನ್ನುವರೋ, ಮಣ್ಣು ತಂದು ರಾಶಿ ಹಾಕಿದ್ದೇವೆ ಎನ್ನುವರೋ. ಒಮ್ಮೆ ತಮ್ಮನೇ ಫೋನು ಮಾಡಿ, "ಸಾವ್ಕಾರ ಇವತ್ತು ಬಾಗಿಲಗಂಟ ಬಂದು ಗುಂಡಿ ನೋಡ್ಕಂಡು ಹೋದ ಮೇಷ್ಟ್ರೇ, ಅಳತೆ ತಗಳ್ಳಾಕೆ ಬಂದಂಗೆ," ಎಂದ. ನಗಿಸಲೆಂದೇ ಹಾಗೆ ಹೇಳಿದ್ದು. ಇಬ್ಬರೂ ನಗಲಿಲ್ಲ.

ಒಂದು ಬೆಳಿಗ್ಗೆ ಕುರ್ಚಿಯ ಸದ್ದು ಕೇಳಲಿಲ್ಲ. ಕಾದು, ಎದ್ದು ಹೋದೆ. ಸೊಸೆ ಪರದೆಯ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದಳು. ಮೊದಲ ಪುಟದಲ್ಲಿರಲಿಲ್ಲ; ಹಿಂದಿನದೊಂದು ಪುಟದಲ್ಲಿ, ಯಾವುದೋ ಅಂಗಡಿಗಳ ಕೆಳಗೆ, ಆ ಮನೆಯ ಹೆಸರು ಇತ್ತು. ಬೆರಳು ತೆಗೆದರೆ ಅದು ಹೋಗಿಬಿಡುತ್ತದೆಂಬ ಹಾಗೆ ಅವಳು ಬಹಳ ಹೊತ್ತು ಹಾಗೆಯೇ ಇದ್ದಳು.

ಅನಂತರ ಬಂದ ಮೊದಲ ಬೇಡಿಕೆ, ಈಗ ನೇಯುವುದಿಲ್ಲವೆಂದು ನಾವೇ ಬರೆದಿದ್ದ ಅಂಚಿಗೆ. ದೂರದ ಊರಿನ ಒಬ್ಬ ಹೆಂಗಸು ತನ್ನ ಅಜ್ಜಿಯ ಸೀರೆಯ ಅಂಚು ಅದೇ ಎಂದು ಗುರುತಿಸಿ, ಕಾಯುತ್ತೇನೆ, ನೇಯ್ದುಕೊಡುತ್ತೀರಾ ಎಂದು ಕೇಳಿದ್ದಳು. ಆ ಹೆಸರಿನಿಂದ ಹುಡುಕಿದವರಿಗೆ ಲೋಕದಲ್ಲಿ ನಮ್ಮದೊಂದೇ ಪುಟ ಸಿಗುತ್ತಿತ್ತು.

"ಕೈಗೆ ಬರ್ತೈತೋ ಇಲ್ವೋ," ಎಂದು ಅಕ್ಕ ಮತ್ತೆ ಹೆದರಿದಳು. ಹೆದರುತ್ತಲೇ ನಿಂತ ಮಗ್ಗಕ್ಕೆ ಹಾಸು ಏರಿಸಿದಳು. ಆ ದಿನ ನಾವೂ ಅಲ್ಲಿದ್ದೆವು. ಅವಳು ಗುಂಡಿಯಲ್ಲಿ ಕಾಲು ಇಳಿಬಿಟ್ಟು, ನೂಲಿನ ಮೇಲೆ ಬಾಗಿದಳು. ನಾವೆಲ್ಲ ಮುಖ ತಿರುಗಿಸಿಕೊಂಡೆವು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಆಮೇಲೆ ಲಾಳಿಯ ಸದ್ದು ಕೇಳಿತು.

ಗುಂಡಿಗೆ ಮಣ್ಣು ಬೀಳದಂತೆ ಕಾಲು ಇಳಿಬಿಟ್ಟು ಕುಳಿತ ಆ ತಂಗಿಯ ಸೊಂಟಕ್ಕೆ ಶಕ್ತಿಯಿರಲಿ. ವಾಲಿದರೂ ಬೀಳದೆ ನಿಂತ ಅವಳ ತಮ್ಮನ ನಗು ಮಾಸದಿರಲಿ. ನನ್ನ ಸೊಸೆಯ ಬೆರಳುಗಳು ಬರೆದದ್ದೆಲ್ಲ ಕಾಣುವ ಅಕ್ಷರವೇ ಆಗಿರಲಿ. ಅಜ್ಜಿಯ ಅಂಚನ್ನು ಮರೆಯದ ಆ ಹೆಂಗಸಿನ ಮಡಿಲು ತುಂಬಿರಲಿ. ಯಾವುದೋ ದೇಶದ ಯಾವುದೋ ಕೋಣೆಯಲ್ಲಿ ನಮ್ಮ ಮನವಿಯನ್ನು ಓದಿದವರು ಯಾರೇ ಇರಲಿ, ಅವರ ಹೆಸರು ಹಿಡಿದು ಹುಡುಕುವವರಿಗೆ ಅವರು ಎಂದೂ ಸಿಗದೆ ಹೋಗದಿರಲಿ. ಫೋನಿನಲ್ಲಿ ಕರೆದ ಆ ಬೆಂಗಳೂರಿನವನಿಗೂ, ಬಾಗಿಲಗಂಟ ಬಂದು ಹೋದ ಸಾವ್ಕಾರನಿಗೂ ಶಿವನು ಒಳ್ಳೆಯದನ್ನೇ ಮಾಡಲಿ.