ಕುಂಕುಮ ಹಚ್ಚಿದ ಕೀ

ನಮ್ಮನೆಗೆ ಯಾವ ಹೊಸ ಕೀ ಬಂದರೂ ಮೊದಲು ದೇವರ ಮುಂದಿಟ್ಟು ಕುಂಕುಮ ಹಚ್ಚುತ್ತೇನೆ. ಬೀರುವಿನದಾಗಲಿ, ಸ್ಕೂಟರಿನದಾಗಲಿ. ಅತ್ತೆಯವರು ಕಲಿಸಿದ್ದು. ಈ ಪದ್ಧತಿಯಿಂದ ಒಂದು ಸೋಮವಾರ ಬೆಳಿಗ್ಗೆ ಒಂದು ದೊಡ್ಡ ಮೆಷೀನು ಶುರುವಾಗದೆ ನಿಂತಿತು.

ಮಗಳು ಓದಿದ್ದು ನ್ಯೂಕ್ಲಿಯರ್ ಇಂಜಿನಿಯರಿಂಗ್. ಕೆಲಸ ಸಿಕ್ಕಿದ್ದು ಅರೆಕೆರೆ ಕಡೆ, ಸೈಕ್ಲೋಟ್ರಾನ್ ಅನ್ನೋ ಮೆಷೀನಿರುವ ಕೇಂದ್ರದಲ್ಲಿ. ಕಣ್ಣಿಗೆ ಕಾಣದ ಕಣಗಳನ್ನು ಗಿರಗಿರನೆ ಸುತ್ತಿಸಿ, ವೇಗ ಏರಿಸಿ, ಚೂರು ನೀರಿಗೆ ಹೊಡೆಸುತ್ತಾರಂತೆ. ಅದರಿಂದ, ಕ್ಯಾನ್ಸರ್ ಎಲ್ಲೆಲ್ಲಿದೆ ಎಂದು ಸ್ಕ್ಯಾನಿನಲ್ಲಿ ತೋರಿಸುವ ಔಷಧಿ ತಯಾರಾಗುತ್ತದೆ. ಎರಡು ಗಂಟೆ ತುಂಬುವ ಮೊದಲೇ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ನಿನ್ನೆ ಮಾಡಿದ್ದು ಇವತ್ತಿಗಿಲ್ಲ. ದಿನಾ ಬೆಳಿಗ್ಗೆ ಹೊಸದಾಗಿಯೇ ಮಾಡಬೇಕು.

ಅಲ್ಲಿ ಒಬ್ಬೊಬ್ಬ ಇಂಜಿನಿಯರಿಗೆ ಒಂದೊಂದು ಕೆಲಸ. ಒಬ್ಬರು ಮೆಷೀನು ನಡೆಸುತ್ತಾರೆ. ಇನ್ನೊಬ್ಬರು ಸುತ್ತಲಿನ ಗೋಡೆ ಎಷ್ಟು ದಪ್ಪ ಬೇಕೆಂದು ಲೆಕ್ಕ ಹಾಕುತ್ತಾರೆ. ಮಗಳದು ವಿಕಿರಣ ಸುರಕ್ಷತೆ. ಮೆಷೀನಿನ ಕೋಣೆಯೊಳಗೆ ಯಾರೂ ಉಳಿದಿಲ್ಲವೆಂದು ನೋಡಿ, ಬಾಗಿಲು ಮುಚ್ಚಿಸಿ, ಕೀ ತಿರುಗಿಸುವುದು.

"ಅತ್ತಿಗೆ, ಅಷ್ಟು ಓದಿಸಿ ಬೀಗ ಹಾಕೋ ಕೆಲಸಕ್ಕೆ ಕಳಿಸಿದ್ರಾ? ನಮ್ಮ ಬಿಲ್ಡಿಂಗ್ ವಾಚ್‌ಮನ್ನೂ ಅದೇ ಮಾಡ್ತಾನೆ" ಅಂತ ನಾದಿನಿ ನಕ್ಕಿದ್ದಳು. ಸುಳ್ಳು ಯಾಕೆ, ನನಗೂ ಒಳಗೊಳಗೇ ಹಾಗನ್ನಿಸಿತ್ತು.

ಭಾನುವಾರ ಮಾತ್ರ ಕೇಂದ್ರಕ್ಕೆ ರಜೆ. ಅವತ್ತು ಅವಳ ಕೋಟು ನೆನೆಹಾಕುವ ಮುಂಚೆ ಜೇಬು ನೋಡಿದರೆ ಒಂದು ಕೀ. ಕೆಲಸದ ಕಡೆ ಅವಳಿಗೆ ಹೊಸ ಬೀರು ಕೊಟ್ಟಿರಬೇಕು ಅಂದುಕೊಂಡೆ. ದೇವರ ಮುಂದಿಟ್ಟೆ, ಕುಂಕುಮ ಹಚ್ಚಿದೆ. ಹೇಳಬೇಕೆಂದುಕೊಂಡಿದ್ದು ದೋಸೆಗೆ ರುಬ್ಬುವ ಗಡಿಬಿಡಿಯಲ್ಲಿ ಮರೆತೇಹೋಯಿತು.

ಸೋಮವಾರ ಬೆಳಿಗ್ಗೆ ನಾನಿನ್ನೂ ಪೂಜೆಗೆ ಕೂತಿರಲಿಲ್ಲ, ಫೋನ್ ಬಂತು.

"ಅಮ್ಮಾ, ನನ್ನ ಕೋಟಲ್ಲಿ ಕೀ ಇತ್ತಾ?"

"ದೇವರ ಮುಂದಿದೆ ಕಣೇ."

"ದೇವರ ಮುಂದೇನಾ!" ಉಸಿರು ಬಿಟ್ಟಿದ್ದು ಕೇಳಿಸಿತು. "ಕೋಣೆ ಒಳಗೆ ಹೋಗೋರು ಮೆಷೀನಿನ ಕೀ ಜೊತೇಲೇ ಒಯ್ಯಬೇಕು, ಹೊರಗಿಂದ ಯಾರೂ ಶುರು ಮಾಡದ ಹಾಗೆ. ಶನಿವಾರ ಹೋದಾಗ ಜೇಬಿಗೆ ಹಾಕ್ಕೊಂಡಿದ್ದು. ವಾಪಸ್ ಇಟ್ಟೇ ಬರ್ಬೇಕಿತ್ತು, ಮರೆತೆ. ಅದಿಲ್ದೆ ಮೆಷೀನ್ ಶುರುವಾಗಲ್ಲ. ಇನ್ನೊಂದು ಕೀ ತೆಗೀಬೇಕಂದ್ರೆ ಡೈರೆಕ್ಟರ್ ಸಹಿ ಬೇಕು, ಅವರು ಊರಲ್ಲಿಲ್ಲ. ಸ್ಕ್ಯಾನಿಗೆ ಬರೋರೆಲ್ಲ ಉಪವಾಸ ಕೂತಿರ್ತಾರಮ್ಮ."

"ನೀನು ಹೊರಗೇ ಇದೀಯಲ್ಲೇ, ಶುರು ಮಾಡೋಕೇನು?"

"ಅದು ಅದಕ್ಕೆ ಗೊತ್ತಿಲ್ಲ. ಕೀ ಬರೋ ತನಕ ಮೆಷೀನ್ ಲೆಕ್ಕದಲ್ಲಿ ನಾನು ಒಳಗೇ ಇದೀನಿ."

ಅವಳು ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳು, ಕೆಲಸ ಖಾಯಂ ಆಗಿರಲಿಲ್ಲ. ಕೀ ಸೆರಗಿನಲ್ಲಿ ಗಂಟು ಹಾಕಿಕೊಂಡು ನಮ್ಮ ಬಡಾವಣೆ ಶ್ರೀನಗರದ ರಸ್ತೆಗೆ ಓಡಿದೆ.

"ಅರೆಕೆರೆನಾ? ರಿಟರ್ನ್ ಸಿಗಲ್ಲ ಆಂಟಿ" ಎಂದ ಆಟೋದವನು.

"ಅಣ್ಣಾ, ಈ ಕೀ ತಲುಪಿದ್ರೇನೇ ಕ್ಯಾನ್ಸರ್ ಪೇಷಂಟ್‌ಗಳಿಗೆ ಔಷಧಿ."

ಕೀ ನೋಡಿದ, ನನ್ನ ಮುಖ ನೋಡಿದ. "ಹತ್ತಿ" ಎಂದ. ಇದು ಅವತ್ತಿನ ಮೊದಲನೇ ಕೃಪೆ. ಬನಶಂಕರಿ ಸಿಗ್ನಲ್ ಹಸಿರಿತ್ತು, ಎರಡನೆಯದು. ಜೆ.ಪಿ. ನಗರದಲ್ಲಿ ಶಾಲೆ ಬಸ್ಸುಗಳು ಇನ್ನೂ ಹೊರಟಿರಲಿಲ್ಲ.

ಗೇಟಿನಲ್ಲಿ ಮಗಳು ಕಾಯುತ್ತಿದ್ದಳು, ಮುಖ ಸಣ್ಣದಾಗಿತ್ತು. ಪಕ್ಕದಲ್ಲಿ ಅವಳ ಮೇಲಧಿಕಾರಿ, ನರೆಗೂದಲಿನವರು. ಕೀ ಕೈಗೆ ತೆಗೆದುಕೊಂಡು ನೋಡಿ, "ಅಮ್ಮಾ, ಕುಂಕುಮ ಒರೆಸಬಹುದಾ? ಪುಡಿ ಒಳಗೆ ಹೋದ್ರೆ ಕಷ್ಟ" ಎಂದು ಕೇಳಿದರು. ನಾನೇ ಸೆರಗಿನಿಂದ ಒರೆಸಿಕೊಟ್ಟೆ. ಕೂತು ಸುಧಾರಿಸಿಕೊಳ್ಳಿ ಎಂದು ಗಾಜಿನಾಚೆ ಒಂದು ಕುರ್ಚಿ ಹಾಕಿಸಿದರು.

ಅಲ್ಲಿಂದ ಟಿವಿ ಪರದೆಯಲ್ಲಿ ಮೆಷೀನಿನ ಕೋಣೆ ಕಾಣುತ್ತಿತ್ತು. ಖಾಲಿ. ಆದರೂ ಮಗಳು ಒಳಗೆ ಹೋದಳು. ಮೆಷೀನಿನ ಹಿಂದೆ ಬಗ್ಗಿ ನೋಡಿದಳು. ಮೂಲೆಮೂಲೆಗೂ ಹೋಗಿ ಒಂದೊಂದು ಗುಂಡಿ ಒತ್ತಿದಳು. ಆ ಮೂಲೆಗೆ ಕಾಲಿಟ್ಟು ನೋಡಿದ್ದಕ್ಕೆ ಅದೇ ಸಾಕ್ಷಿಯಂತೆ. ಕೊನೆಗೆ ಬಾಗಿಲಲ್ಲಿ ನಿಂತು ಕೂಗಿದಳು:

"ಒಳಗೆ ಯಾರಾದ್ರೂ ಇದೀರಾ?"

ಸ್ವಲ್ಪ ತಡೆದು ಮತ್ತೆ ಕೂಗಿದಳು. ಮತ್ತೊಂದು ಸಲ. ಯಾರೂ ಇಲ್ಲವೆಂದು ಎಲ್ಲರಿಗೂ ಗೊತ್ತು. ಆದರೂ ಪ್ರತಿ ಸಲವೂ ಉತ್ತರ ಬರಬಹುದು ಅನ್ನುವಂತೆ ಕಾದಳು. ನಾನು ಇಷ್ಟು ವರ್ಷ ಘಂಟೆ ಬಾರಿಸಿ ದೇವರನ್ನು ಕರೆದಿದ್ದೇನೆ, ಅಷ್ಟು ನಿಜವಾಗಿ ಎಂದಾದರೂ ಕಾದಿದ್ದೇನಾ ಅನ್ನಿಸಿತು.

ನಮ್ಮ ಅಡುಗೆಮನೆ ಅಗಲದಷ್ಟು ದಪ್ಪದ ಬಾಗಿಲು ತಾನೇ ಸರಿದು ಮುಚ್ಚಿತು. ಮಗಳು ಕೀ ಹಾಕಿ ತಿರುಗಿಸಿದಳು. ಕೆಂಪು ದೀಪ ಹತ್ತಿತು. ಗುಂಯ್ ಅನ್ನುವ ಸದ್ದು ಬಿಟ್ಟರೆ ಇನ್ನೇನಿಲ್ಲ. ಆ ಗೋಡೆಯಾಚೆ, ಕ್ಷಣಕ್ಕೆ ಎಷ್ಟು ಸುತ್ತೋ ಎಣಿಸಲಾಗದ ವೇಗದಲ್ಲಿ, ಕಾಣದ್ದು ಓಡುತ್ತಿತ್ತು. ಅಂಥದ್ದು ಈ ಹುಡುಗಿಯ ಒಂದು ಕೀಗಾಗಿ ಕಾದಿತ್ತು. ಕೈ ತಾನಾಗಿ ಮುಗಿಯಿತು.

ಔಷಧಿಯ ವ್ಯಾನು ತಡವಾಗಿಯೇ ಹೊರಟಿತು, ಆದರೆ ಹೊರಟಿತು. ಅಷ್ಟರಲ್ಲಿ ಮಗಳು ರಿಜಿಸ್ಟರಿನಲ್ಲಿ ತನ್ನ ತಪ್ಪನ್ನು ತಾನೇ ಬರೆದು ಸಹಿ ಹಾಕಿದ್ದಳು.

"ಸಾರ್, ಇವಳ ಕೆಲಸ..." ಎಂದೆ.

"ಬರೆದಿದ್ದಾಳಲ್ಲಮ್ಮ. ಬಚ್ಚಿಡೋರನ್ನ ನಾವು ಇಟ್ಕೊಳ್ಳಲ್ಲ, ಇವಳಿರ್ಲಿ" ಎಂದರು.

ಮನೆಗೆ ಬಂದು, ಪೂಜೆ ಮುಗಿಸಿ, ಕಾಫಿ ಕುಡಿದಾಗ ಹನ್ನೊಂದು. ಸಂಜೆ ನಾದಿನಿ ಫೋನ್ ಮಾಡಿ, "ಏನತ್ತಿಗೆ, ಮಗಳ ಬೀಗದ ಕೆಲಸ ಹೇಗಿದೆ?" ಎಂದು ಕೇಳಿದಳು.

"ಚೆನ್ನಾಗಿದೆ ಕಣೇ. ಇವತ್ತು ಬೆಳಿಗ್ಗೆ ನಾನೂ ಸ್ವಲ್ಪ ಮಾಡ್ದೆ" ಎಂದೆ.