ಒಂದು ಅನ್ನಬಾರದ ಕಣ

ಮಡಕಶಿರದ ಹತ್ತಿರದ ರೊಳ್ಳದ ಕಡೆಯ ನಮ್ಮ ಮನೆಗಳಿಗೆ ತೂಕದ ಯಂತ್ರ ಇನ್ನೂ ಬಾರದಿದ್ದ ದಿನಗಳವು. ಕಡಲೆಕಾಯಿ ಬಿಡಿಸಿ ಒಣಗಿಸಿದ ಮೇಲೆ ಮನೆಮುಂದಿನ ಕಣದಲ್ಲಿ ರಾಶಿ ಹಾಕಿ ಕೊಳಗದಲ್ಲಿ ಅಳೆಯುತ್ತಿದ್ದೆವು. ತಾತ ಹೋದ ಮೇಲೆ ಆ ಕೆಲಸ ಅಜ್ಜಿಯದು. ಮೂಗಿಗೆ ಕಾಯಿಗಂಟಿದ ಮಣ್ಣಿನ ವಾಸನೆ, ಬಾಯಲ್ಲಿ ಸುಟ್ಟ ಕಾಯಿ, ಬೆಲ್ಲ, ಪಕ್ಕದಲ್ಲಿ ಅಜ್ಜಿಯ ರಾಗ: "ಲಾಭ... ಎರಡು... ಮೂರು..." ನನಗೆ ಎಣಿಕೆ ಬಂದದ್ದು ಹೀಗೆ, ಯಾರೂ ಕಲಿಸದೆ.

ಮೊದಲ ಕೊಳಗಕ್ಕೆ ಒಂದು ಅನ್ನುವಂತಿಲ್ಲ. ಹಾಗಂದರೆ ಫಸಲು ಒಂದಕ್ಕೇ ನಿಂತುಹೋಗುತ್ತದೆಂಬ ನಂಬಿಕೆ. ಲಾಭ ಅಂತಲೇ ಶುರು ಮಾಡಬೇಕು. ಒಮ್ಮೆ ನಾನು ಬಾಯಿತಪ್ಪಿ ಒಂದು ಅಂದಾಗ ಅಜ್ಜಿ ಅಂಗೈಯಿಂದ ನನ್ನ ಬಾಯಿ ಮುಚ್ಚಿಬಿಟ್ಟಿದ್ದಳು.

ಮರುವರ್ಷ ನನಗೆ ಅಕ್ಕನ ಜೊತೆ ಶಾಲೆಗೆ ಹೋಗುವ ಹುಚ್ಚು. ವಯಸ್ಸು ಸ್ವಲ್ಪ ಕಮ್ಮಿ. "ಹತ್ತರ ಗಂಟ ಎಣಿಸ್ಲಿ, ಸೇರಿಸ್ಕೊಳ್ತೀನಿ" ಅಂದರು ಮೇಷ್ಟ್ರು. ನಾನು ಎದೆಯುಬ್ಬಿಸಿ ನಿಂತು "ಲಾಭ, ಎರಡು, ಮೂರು" ಅಂದೆ. ತರಗತಿಯೆಲ್ಲ ಗೊಳ್ಳೆಂದಿತು.

"ಅದು ಕಣದಾಗೆ ಕಣಮ್ಮ. ಇಲ್ಲಿ ಒಂದು ಅನ್ಬೇಕು" ಎಂದು ಮೇಷ್ಟ್ರೂ ನಕ್ಕರು.

ನಾನು ತುಟಿ ಬಿಗಿ ಹಿಡಿದೆ. ಮನೆಯಲ್ಲಿ ರಾಶಿ ಇನ್ನೂ ಅಳೆದಿರಲಿಲ್ಲ. ನಾನು ಅಂದುಬಿಟ್ಟರೆ ಅದರ ಗತಿ? ಎಷ್ಟು ಪುಸಲಾಯಿಸಿದರೂ ಬಾಯಿ ಬಿಡಲಿಲ್ಲ. "ಹಂಗಾದ್ರೆ ಬರೋ ವರ್ಷ ಬಾರಮ್ಮ" ಅಂದುಬಿಟ್ಟರು. ದಾರಿಯುದ್ದಕ್ಕೂ ಅಳುತ್ತ ಮನೆಗೆ ಬಂದೆ.

"ಶಾಲೇಲಿ ಅಂದ್ರೆ ಏನೂ ಆಗಲ್ಲ ಕಣೆ, ಅನ್ನು" ಎಂದಳು ಅಜ್ಜಿ.

"ರಾಶಿ ಕರಗೋದ್ರೆ?"

ಹಾಗೆಂದು ನನ್ನನ್ನು ಹೆದರಿಸಿದ್ದವಳು ಅವಳೇ ತಾನೆ!

ಮರುದಿನ ಬೆಳಿಗ್ಗೆ ರಾಶಿಗೆ ಪೂಜೆ ಮಾಡಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಚಿಕ್ಕಪ್ಪ ಚೀಲದ ಬಾಯಿ ಹಿಡಿದು ನಿಂತಿದ್ದ. ಅಜ್ಜಿ ಕೊಳಗ ತುಂಬಿದಳು, ಕ್ಷಣಹೊತ್ತು ಕಣ್ಣು ಮುಚ್ಚಿದಳು, ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಅಂದಳು: "ಒಂದು!"

ಚಿಕ್ಕಪ್ಪನ ಕೈಯಿಂದ ಚೀಲ ಜಾರಿತು. "ಅಮ್ಮಾ, ಏನಂದೆ ನೀನು? ಬುದ್ಧಿ ನೆಟ್ಟಗೈತಾ?"

"ಮಗು ಓದ್ಬೇಕು ಕಣೋ. ಚೀಲ ಹಿಡಿ" ಎಂದು ಗದರಿ, ಮತ್ತೆ ಕೊಳಗ ತುಂಬಿದಳು. "ಎರಡು."

ಅಳೆದು ಮುಗಿಯುವವರೆಗೂ ನಾನು ಕಣ್ಣು ಮಿಟುಕಿಸದೆ ಕಾದಿದ್ದೆ. ರಾಶಿ ಕರಗಲಿಲ್ಲ. ಅಂದೇ ಅಜ್ಜಿಯ ಕೈಹಿಡಿದು ಶಾಲೆಗೆ ಹೋಗಿ, ಕಿರುಚಿಕೊಂಡು ಒಂದು ಅಂದು ಹತ್ತರವರೆಗೂ ಎಣಿಸಿದೆ. ಮೇಷ್ಟ್ರು ಹೆಸರು ಬರೆದುಕೊಂಡರು.

ಈಗ ಮಡಕಶಿರದಲ್ಲಿ ನಾನೇ ಮಕ್ಕಳಿಗೆ ಗಣಿತ ಹೇಳುತ್ತೇನೆ. ಎಣಿಕೆ ಎಲ್ಲಿ ಹುಟ್ಟಿತು ಅಂತ ಯಾರಾದರೂ ಕೇಳಿದರೆ, ಇಂಥದ್ದೇ ಯಾವುದೋ ರಾಶಿಯ ಮುಂದೆ, ವರ್ಷಕ್ಕೆ ಸಾಲುತ್ತೋ ಇಲ್ಲವೋ ಎಂಬ ಭಯದಲ್ಲಿ ಹುಟ್ಟಿರಬೇಕು ಅನ್ನುತ್ತೇನೆ. ಅವರು ಪಿಳಿಪಿಳಿ ನೋಡುತ್ತಾರೆ; ರಾಶಿ ಅಳೆಯುವುದನ್ನೇ ಕಂಡವರಲ್ಲ. ಚೀಲವನ್ನು ಯಂತ್ರದ ಮೇಲಿಟ್ಟರೆ ಕೆಂಪು ಅಂಕಿ ಹೊಳೆಯುತ್ತದೆ. ಮೋಸ ಕಮ್ಮಿಯಾಯಿತು, ಒಳ್ಳೆಯದೇ. ಆದರೆ ಎಣಿಸುವ ದನಿ ನಮ್ಮ ಕಣಗಳಿಂದ ಹೋಯಿತು. ಅಜ್ಜಿಯೂ ಹೋದಳು.

ಅಂದು ಒಂದು ಅನ್ನುವ ಮುಂಚೆ ಅವಳು ಕಣ್ಣು ಮುಚ್ಚಿದ್ದಳು. ಕಾಯಿಯ ಧೂಳಿಗೆ ಅಂದುಕೊಂಡಿದ್ದೆ. ನನಗಿಂತ ಹೆಚ್ಚು ಹೆದರಿದ್ದವಳು ಅವಳೇ ಎಂದು ತಿಳಿದದ್ದು ನಾನು ದೊಡ್ಡವಳಾದ ಮೇಲೆ. ಗಣಿತ ಕಲಿಸಿದ ಗುರುಗಳೆಲ್ಲರಿಗೂ ನಾನು ಋಣಿ. ಆದರೆ ವರ್ಷದ ಬೆಳೆಯನ್ನೇ ಪಣಕ್ಕಿಟ್ಟು ಕಲಿಸಿದವಳು ಅವಳೊಬ್ಬಳೇ.